ಹೋಲಿಕೆ, ಪ್ರಶ್ನೆ ಏಳು

ನೀರಿನ ಟ್ಯಾಂಕಿನಡಿಯ ಜೇನುಗೂಡಿಗೆ
ಬೆಳಿಗ್ಗೆಯೇ ಯಾರೋ ಔಷಧಿ ಹೊಡೆಸಿದ್ದರು.
ಮೂರನೇ ಮಹಡಿಯ ಕಿಟಕಿ ದಂಡೆಯ ಮೇಲೆ
ಬಿದ್ದಿದ್ದವು; ಕೆಲವು ಇನ್ನೂ ಕಾಲಾಡಿಸುತ್ತಿದ್ದವು.
ಕೆಳಗೆ ಹೊಸೂರು ರಸ್ತೆಯ ಹಾರನ್ನು.
ನಾನು ಸ್ಟಾಪ್‌ವಾಚನ್ನು ಸೊನ್ನೆಗೆ ತಂದೆ.

ಕೋದಂಡ (ಹೆಸರು ಅದಲ್ಲ), ಹದಿನಾಲ್ಕು, ಸಿದ್ದಾಪುರ.
ಜೊತೆಗೆ ಅಜ್ಜಿ ಚಿನ್ನಪಾಪಮ್ಮ,
ಲಾಲ್‌ಬಾಗಿನ ಗೋಡೆಯಾಚೆ ಸಸಿ ಮಾರುವವಳು,
ಉಗುರಿನಲ್ಲಿ ಕೆಮ್ಮಣ್ಣು.
ಪಿಂಚಣಿಗೆ ಬೇಕಾದ್ದು ಎಪ್ಪತ್ತರ ಕೆಳಗಿನ ಒಂದು ಸಂಖ್ಯೆ.
ಮಗು ಸೋಲಲೆಂದು ಹರಕೆ ಹೊತ್ತ ತಾಯಂದಿರನ್ನು
ಈ ಕುರ್ಚಿಯಿಂದ ಎಷ್ಟು ಮಂದಿ ನೋಡಿದೆನೋ,
ಲೆಕ್ಕವಿಟ್ಟಿಲ್ಲ.
ಲೆಕ್ಕವಿಡುವುದೇ ಕೆಲಸ, ಆದರೂ.

ಕೆಂಪು ಬಿಳಿ ಘನಗಳನ್ನು ಕೊಟ್ಟೆ. ಗೋಪುರ ಕಟ್ಟಿದ,
ಚಿತ್ರದಲ್ಲಿ ಇಲ್ಲದ ಗೋಪುರ. ಸೊನ್ನೆ.
ಐದು, ಎರಡು, ಒಂಬತ್ತು, ಹಿಂದಿನಿಂದ ಹೇಳು ಅಂದೆ.
ನನಗೆ ಬೆನ್ನು ಹಾಕಿ ಕೂತು ಹೇಳಿದ:
ಐದು, ಎರಡು, ಒಂಬತ್ತು.
ಅಜ್ಜಿ ಸೆರಗಿನೊಳಗೆ ನಕ್ಕಳು.

ಹೋಲಿಕೆ, ಪ್ರಶ್ನೆ ಏಳು.
ಕೋಳಿಗೂ ಜೇನಿಗೂ ಏನು ಒಂದೇ?
ಕೈಪಿಡಿಯಲ್ಲಿ: ಎರಡೂ ಜೀವಿಗಳು ಅಂದರೆ ಎರಡಂಕ,
ರೆಕ್ಕೆ ಅಂದರೆ ಒಂದು.
ಅವನು ಕಿಟಕಿಯನ್ನೇ ನೋಡುತ್ತಿದ್ದ.
"ಕೋಳಿ ಸತ್ತೋಯ್ತದೆ."
ಮುಳ್ಳು ಅರ್ಧ ಸುತ್ತು ಹೋಯಿತು.
"ಜೇನು ತೀರ್ಕಂಡವ್ರೆ."

ಸೊನ್ನೆ ಬರೆದೆ. ಪಕ್ಕದಲ್ಲಿ ಸಣ್ಣಕ್ಷರದಲ್ಲಿ:
ವ್ಯಾಕರಣ ದೋಷ. ಮನುಷ್ಯ, ಕೀಟ ಭೇದ ತಿಳಿಯದು.

*

ವಿಲ್ಸನ್ ಗಾರ್ಡನ್ನಿನ ನಮ್ಮ ಮಹಡಿ ಕೋಣೆಯಲ್ಲಿ
ಆ ವರ್ಷ ಬಾಡಿಗೆಗಿದ್ದವಳು ರಸಾ, ಲಿಥುವೇನಿಯಾದವಳು.
ಅವರಲ್ಲಿ ರಸ ಅಂದರೆ ಇಬ್ಬನಿಯಂತೆ.
ಹಾಡು, ಒಗಟು ಕೂಡಿಡುವುದು ಕಸುಬು;
ಗಾರ್ಮೆಂಟ್ಸ್ ಹೆಂಗಸರ ಬಸ್ಸು ಹತ್ತಿ
ಬೊಮ್ಮನಹಳ್ಳಿವರೆಗೂ ನಿಂತೇ ಹೋಗುತ್ತಿದ್ದಳು, ರೆಕಾರ್ಡರು ಹಿಡಿದು.
ಬಂದ ದಿನ ಅಮ್ಮನನ್ನು ಆಸೆಯಿಂದ ಕೇಳಿದ್ದಳು:
ನಮ್ಮಲ್ಲಿ ಉಗ್ನಿಸ್, ನಿಮ್ಮಲ್ಲಿ ಅಗ್ನಿ?
ನಮ್ಮಲ್ಲಿ ದೂಮಸ್, ನಿಮ್ಮಲ್ಲಿ ಧೂಮ?
ಅಮ್ಮ ಒಲೆಯತ್ತ ಕೈ ತೋರಿ
ಬೆಂಕಿ ಅಂದಳು. ಹೊಗೆ ಅಂದಳು.
ರಸಾ ಪೆಚ್ಚಾಗಿ, ಆಮೇಲೆ ಅದನ್ನೂ ಬರೆದುಕೊಂಡಳು.

ಅವಳಜ್ಜಿಯನ್ನೂ ಒಬ್ಬರು ಬರೆದುಕೊಂಡಿದ್ದರಂತೆ,
ಹಿಮದಲ್ಲಿ ಸೈಕಲ್ಲು ತಳ್ಳಿಕೊಂಡು ಬಂದ ಮೇಷ್ಟರು.
ಅಗಸೆನಾರು ನೂಲುವ ಕೈ ನಿಲ್ಲಿಸದೆ
ಅಜ್ಜಿ ಹೇಳಿದ್ದು ನೂರಾ ಹನ್ನೆರಡು ಹಾಡು.
ಚೀಟಿಯ ತಲೆಯಲ್ಲಿ ಹೆಸರು, ವಯಸ್ಸು, ಊರು;
ಓದು: ಇಲ್ಲ.
ನನ್ನ ಫಾರಂನಲ್ಲೂ ಅದೇ ನಾಲ್ಕು ಗೆರೆ.
ಹಾಡುವಾಗ ತಪ್ಪಿದರೆ ಎಷ್ಟು ಕಳೆಯುತ್ತೀರಿ? ಕೇಳಿದೆ.
ತಪ್ಪು ಅಂತ ಇಲ್ಲ, ಅದು ಪಾಠಾಂತರ, ಅಂದಳು.

ಸಂಜೆ ಕಾಫಿಯ ಹೊತ್ತಿಗೆ, ನಗಿಸಲೆಂದೇ,
ಹುಡುಗನ ಮಾತು ಹೇಳಿದೆ. ಬಿಡಿಸಿ ಹೇಳಿದೆ:
ಸಾಯುವುದು ಕೋಳಿಗೆ, ತೀರಿಕೊಳ್ಳುವುದು ಹಿರಿಯರಿಗೆ.
ಅವಳು ಲೋಟ ಕೆಳಗಿಟ್ಟಳು.

ಹಸು ಹೋದರೆ ನಮ್ಮಲ್ಲೊಂದು ಮಾತು, ಅಂದಳು,
ನಾಯಿಗೂ ಕುದುರೆಗೂ ಅದೇ.
ಮನುಷ್ಯರಿಗೆ ಬೇರೆ.
ಜೇನಿಗೆ ಮನುಷ್ಯರದೇ.
ಅಜ್ಜಿ ಸತ್ತ ಜೇನನ್ನು ಬೆಂಕಿಪೊಟ್ಟಣದಲ್ಲಿಟ್ಟು ಮಣ್ಣು ಮಾಡುತ್ತಿದ್ದಳು.

ಚೀಟಿ ತೆಗೆದಳು. ಯಾರು ಹೇಳಿದ್ದು?
ಹೆಸರು ಹೇಳುವಂತಿಲ್ಲ, ನಮ್ಮ ನಿಯಮ.
ಹುಡುಗ, ಅಂದೆ. ಹದಿನಾಲ್ಕು. ಸಿದ್ದಾಪುರ.
ಓದು?
ಆ ಗೆರೆಯನ್ನು ಅವಳೇ ಖಾಲಿ ಬಿಟ್ಟಳು.

*

ಮರುದಿನ ಕಡತ ತೆರೆದೆ. ಒಟ್ಟು ಐವತ್ತೆಂಟು.
ಒಂದಂಕ ಸೇರಿಸಿದರೆ ಪಿಂಚಣಿಗೇನೂ ಧಕ್ಕೆಯಿಲ್ಲ,
ಆದರೆ ಆ ಉತ್ತರ ಕೈಪಿಡಿಯಲ್ಲಿಲ್ಲ.
ಸೊನ್ನೆಯನ್ನು ಹಾಗೇ ಬಿಟ್ಟೆ.
ಪಕ್ಕದ ಸಣ್ಣಕ್ಷರಗಳನ್ನು ಹೊಡೆದುಹಾಕಿದೆ,
ಎರಡು ಗೆರೆ, ಕೆಳಗೆ ಸಹಿ, ನಿಯಮದಂತೆ.

ಸರ್ಟಿಫಿಕೇಟಿಗೆ ಬಂದ ದಿನ ಚಿನ್ನಪಾಪಮ್ಮ
ಹಾಲಿನ ಕವರಿನಲ್ಲಿ ದೊಡ್ಡಪತ್ರೆ ಸಸಿ ತಂದಿದ್ದಳು.
"ಪಾಸಾ ಫೇಲಾ, ಅಮ್ಮಣ್ಣಿ?"
ಸಿಗುತ್ತೆ, ಅಂದೆ.

ಕೋದಂಡ ಕಿಟಕಿಯ ಹತ್ತಿರ ನಿಂತಿದ್ದ.
ದಂಡೆ ಫಿನಾಯಿಲ್ ಹಾಕಿ ಒರೆಸಿ ಹೊಳೆಯುತ್ತಿತ್ತು.
"ಎಲ್ಲಿಗಾಕುದ್ರಿ ಅವ್ರನ್ನ?"

ಎಷ್ಟು ಸೆಕೆಂಡು ಸುಮ್ಮನಿದ್ದೆನೋ,
ಯಾರೂ ಅಳೆಯಲಿಲ್ಲ.